ಲ್ವಾರ್ ಕಣಿವೆಯ ಅರಮನೆಗಳು: ಮೂರು ದಿನದಲ್ಲಿ ಯಾವುದು ನೋಡಬೇಕು, ಯಾವುದು ಬಿಡಬೇಕು?

ಜಯನಗರ ನಾಲ್ಕನೇ ಬ್ಲಾಕ್

ಎಲ್ಲರಿಗೂ ನಮಸ್ಕಾರ. ಮೇ ಕೊನೇ ವಾರ ಪ್ಯಾರಿಸ್‌ಗೆ ಹೋಗುತ್ತಿದ್ದೇವೆ. ನಾನು, ಹೆಂಡತಿ, ಎಂಟನೇ ಕ್ಲಾಸಿನ ಮಗಳು, ಜೊತೆಗೆ ಅಪ್ಪ ಅಮ್ಮ. ಐಫೆಲ್ ಟವರ್, ಲೂವ್ರ್ ಎಲ್ಲ ಮುಗಿದ ಮೇಲೆ ಮೂರು ದಿನ ಉಳಿಯುತ್ತದೆ. ಲ್ವಾರ್ ನದಿ ಕಡೆಯ ಹಳ್ಳಿಗಳಲ್ಲಿ ಹಳೇ ಅರಮನೆಗಳಿವೆಯಲ್ಲ, ಅವನ್ನು ನೋಡಲೇಬೇಕು ಅಂತ ಅಪ್ಪನ ಹಟ. ರಿಟೈರ್ ಆದ ಮೇಲೆ ಚಿತ್ರದುರ್ಗ, ಮಧುಗಿರಿ, ಬಸವಕಲ್ಯಾಣ ಅಂತ ಅವರು ಯಾವ ಕೋಟೆಯನ್ನೂ ಬಿಟ್ಟಿಲ್ಲ. ಅಮ್ಮನಿಗೆ ಮಂಡಿ ನೋವು. ಎಲ್ಲರೂ ಸಸ್ಯಾಹಾರಿಗಳು.

ಪ್ಯಾರಿಸ್‌ನಿಂದ ಒಂದೇ ದಿನದಲ್ಲಿ ಮೂರು ಅರಮನೆ ತೋರಿಸಿ ವಾಪಸ್ ಕರೆತರುವ ಬಸ್ ಟೂರ್ ಇದೆಯಂತೆ. ಅದು ಸಾಕಾ? ಇಲ್ಲ ಅಲ್ಲೇ ಉಳಿಯಬೇಕಾ? ಕಾರು ಬೇಕೇ ಬೇಕಾ? ಹೋಗಿ ಬಂದವರು ಸ್ವಲ್ಪ ಹೇಳಿ.

ತೂರ್‌ನಲ್ಲಿ ತುಮಕೂರು

ಬಸ್ ಟೂರ್ ಬೇಡವೇ ಬೇಡ. ನಾನು ಇಲ್ಲೇ ತೂರ್ ಊರಿನಲ್ಲಿ ಕೆಲಸದಲ್ಲಿದ್ದೇನೆ. ಆ ಬಸ್ಸಿನಿಂದ ಇಳಿಯುವವರ ಮುಖ ನೋಡಿದ್ದೇನೆ. ಪ್ಯಾರಿಸ್‌ನಿಂದ ಇಲ್ಲಿಗೆ ಹೋಗೋಕೆ ಎರಡು ಗಂಟೆಗೂ ಜಾಸ್ತಿ, ಬರೋಕೆ ಅಷ್ಟೇ. ಮಧ್ಯೆ ಮೂರು ಕಡೆ ಇಳಿಸಿ, ಹತ್ತಿಸಿ, ಎಣಿಸಿ. ಅಮ್ಮನ ಮಂಡಿ ಬಸ್ಸಿನಲ್ಲೇ ಹೋಗುತ್ತದೆ.

ಮೋಂಪರ್ನಾಸ್ ಸ್ಟೇಷನ್ನಿನಿಂದ ಟಿಜಿವಿ ಅನ್ನೋ ವೇಗದ ರೈಲು ಹತ್ತಿದರೆ ಸುಮಾರು ಒಂದು ಗಂಟೆಯಲ್ಲಿ ಸೇಂ-ಪಿಯೆರ್-ದೆ-ಕೋರ್. ಅಲ್ಲಿಂದ ತೂರ್‌ಗೆ ಐದು ನಿಮಿಷ. ತೂರ್ ಅಥವಾ ಆಂಬ್ವಾಸ್ ಊರಿನಲ್ಲಿ ರೂಮು ಮಾಡಿ. ದಿನಕ್ಕೆ ಎರಡೇ ಅರಮನೆ. ಮೂರನೆಯದಕ್ಕೆ ಹೋದರೆ ಎಲ್ಲ ಮಂಚಗಳೂ ಒಂದೇ ಥರ ಕಾಣುತ್ತವೆ, ನಿಜವಾಗಿ.

ಮೊದಲು ಶೆನೊನ್ಸೋ. ತೂರ್‌ನಿಂದ ಲೋಕಲ್ ರೈಲು ಅರ್ಧ ಗಂಟೆ, ಸ್ಟೇಷನ್ ಪಕ್ಕದಲ್ಲೇ ಅರಮನೆಯ ಗೇಟು. ಕಾರು ಬೇಡ. ಆದರೆ ರೈಲು ಗಂಟೆಗೊಂದು ಇಲ್ಲ. ವಾಪಸ್ ರೈಲಿನ ಟೈಮ್ ನೋಡಿಕೊಂಡೇ ಒಳಗೆ ಹೋಗಿ. ಗೇಟಿನಿಂದ ಮರಗಳ ಸಾಲಿನ ನಡುವೆ ಒಂದಿಷ್ಟು ನಡೆಯಬೇಕು, ದಾರಿ ಮಟ್ಟಸ. ಅಮ್ಮ ಮಹಡಿ ಹತ್ತದಿದ್ದರೂ ನಷ್ಟವಿಲ್ಲ. ಪ್ರಾರ್ಥನಾ ಮಂದಿರ, ರಾಜನ ಪ್ರೇಯಸಿ ದಿಯಾನ್‌ಳ ಕೋಣೆ, ನದಿಯ ಮೇಲಿನ ಆ ಉದ್ದನೆಯ ಹಜಾರ ಎಲ್ಲವೂ ಕೆಳಗೇ ಇವೆ.

ಬಸ್ ಟೂರ್ ಬಲಿಪಶು

ಮೇಡಂ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ನಾನು ಇನ್ನೊಂದು ಹೇಳ್ತೀನಿ, ಬೈಬೇಡಿ. ಶಾಂಬೋರ್ ಅರಮನೆ ಬರೀ ಬಿಲ್ಡಪ್. ಹೊರಗಿನಿಂದ ಭರ್ಜರಿ. ಒಳಗೆ ಹೋದರೆ ಖಾಲಿ ರೂಮು, ಪಕ್ಕದಲ್ಲಿ ಇನ್ನೊಂದು ಖಾಲಿ ರೂಮು. 400ಕ್ಕೂ ಹೆಚ್ಚು ಕೋಣೆಗಳಂತೆ, ಸಾಮಾನು ಹತ್ತರಲ್ಲಿ ಇದ್ದರೆ ಹೆಚ್ಚು. ನಮ್ಮ ಮೈಸೂರು ಅರಮನೆ ನೋಡಿದವರಿಗೆ ಇದು ಏನೂ ಅಲ್ಲ. ಬದಲಿಗೆ ಪ್ಯಾರಿಸ್ ಪಕ್ಕದಲ್ಲೇ ವರ್ಸೈ ಅರಮನೆ ನೋಡಿ ಸುಮ್ನೆ ಬನ್ನಿ.

ಹಳೇ ಮೇಷ್ಟ್ರು

ಖಾಲಿ ಅನ್ನೋದು ಸರಿ, ಬಿಲ್ಡಪ್ ಅನ್ನೋದು ತಪ್ಪು. ಶಾಂಬೋರ್ ಆ ಕಾಲದಲ್ಲೂ ಖಾಲಿಯೇ ಇತ್ತು. ಅದೇ ಅದರ ಕಥೆ.

ಫ್ರಾನ್ಸ್‌ನ ದೊರೆ ಮೊದಲನೇ ಫ್ರಾನ್ಸ್ವಾ 1519ರಲ್ಲಿ ಕಟ್ಟಲು ಶುರು ಮಾಡಿಸಿದ್ದು ವಾಸಕ್ಕಲ್ಲ, ಬೇಟೆಗೆ ಮತ್ತು ಡೌಲಿಗೆ. ಆ ಕಾಲದ ಫ್ರೆಂಚ್ ಆಸ್ಥಾನ ಒಂದು ಕಡೆ ಕೂರುತ್ತಿರಲಿಲ್ಲ. ಸಾವಿರಾರು ಜನ, ಸಾವಿರಾರು ಕುದುರೆ, ಊರಿಂದ ಊರಿಗೆ. ಮಂಚ, ಕುರ್ಚಿ, ಗೋಡೆಗೆ ತೂಗುಹಾಕುವ ನೇಯ್ಗೆಯ ಪರದೆ, ಪಾತ್ರೆ ಪಗಡ ಎಲ್ಲ ಪೆಟ್ಟಿಗೆಯಲ್ಲಿ ತುಂಬಿಸಿಕೊಂಡು ಬರುವುದು, ರಾಜ ಹೊರಟರೆ ಮತ್ತೆ ತುಂಬಿಸಿಕೊಂಡು ಹೋಗುವುದು. ಮಧ್ಯೆ 1525ರಲ್ಲಿ ಇಟಲಿಯ ಪಾವಿಯಾದಲ್ಲಿ ಸೋತು ದೊರೆ ಸೆರೆ ಸಿಕ್ಕ, ಕೆಲಸ ನಿಂತಿತು. ಬಿಡುಗಡೆಯಾಗಿ ಬಂದ ಮೇಲೆ ಅವನ ಓಡಾಟ ಪ್ಯಾರಿಸ್ ಸುತ್ತ ಜಾಸ್ತಿಯಾಯಿತು. ಕೊನೆಗೆ ತನ್ನ 32 ವರ್ಷದ ಆಳ್ವಿಕೆಯಲ್ಲಿ ಅವನು ಇಲ್ಲಿ ಮಲಗಿದ್ದು ಎಲ್ಲ ಸೇರಿಸಿದರೂ ಕೆಲವು ವಾರ ಅಷ್ಟೇ. ಬೇಟೆಯ ಕಾಡಿನ ಸುತ್ತ 32 ಕಿಲೋಮೀಟರ್ ಗೋಡೆ ಇದೆ. ಅದರೊಳಗೆ ಪ್ಯಾರಿಸ್ ನಗರದ ಅಷ್ಟು ಜಾಗ!

ನಡುಮಧ್ಯದ ಜೋಡಿ ಸುರುಳಿ ಮೆಟ್ಟಿಲನ್ನು ಮಗಳ ಜೊತೆ ಹತ್ತಿ. ನೀವೊಂದು ಬಾಗಿಲು, ಅವಳೊಂದು ಬಾಗಿಲು. ನಡುವಿನ ಕಂಬದ ಕಿಂಡಿಗಳಲ್ಲಿ ಒಬ್ಬರಿಗೊಬ್ಬರು ಕಾಣುತ್ತೀರಿ, ಮೇಲೆ ಹೋಗುವ ತನಕ ಎದುರಾಗುವುದಿಲ್ಲ. ಇದರ ಹಿಂದೆ ಲಿಯೊನಾರ್ಡೋ ಡಾ ವಿಂಚಿಯ ಯೋಚನೆ ಇರಬಹುದು ಅಂತ ಬಹಳ ಜನ ಹೇಳುತ್ತಾರೆ, ಕಾಗದ ಪತ್ರದ ಸಾಕ್ಷಿ ಇಲ್ಲ. ಕಟ್ಟಡ ಶುರುವಾದ ವರ್ಷವೇ ಆತ ಆಂಬ್ವಾಸ್‌ನಲ್ಲಿ ತೀರಿಕೊಂಡ. ಎರಡನೇ ಮಹಾಯುದ್ಧದ ಹೊತ್ತಿಗೆ ಲೂವ್ರ್‌ನ ಚಿತ್ರಗಳನ್ನು ಸಾಗಿಸಿ ಬಚ್ಚಿಟ್ಟಿದ್ದೂ ಈ ಖಾಲಿ ಕೋಣೆಗಳಲ್ಲೇ. ಮೋನಾಲಿಸಾ ಕೂಡ ಕೆಲಕಾಲ ಇಲ್ಲಿತ್ತು.

ವರ್ಸೈ ಬಗ್ಗೆ ಒಂದು ಮಾತು. ಅದಕ್ಕೂ ನಮಗೂ ನಂಟಿದೆ. ಟಿಪ್ಪು ಸುಲ್ತಾನ್ ಕಳಿಸಿದ ಮೂವರು ರಾಯಭಾರಿಗಳು 1788ರ ಆಗಸ್ಟ್‌ನಲ್ಲಿ ಅಲ್ಲೇ ಹದಿನಾರನೇ ಲೂಯಿಯನ್ನು ಕಂಡರು. ಇಂಗ್ಲಿಷರ ಮೇಲೆ ಸೇನೆಯ ನೆರವು ಕೇಳಿದರು. ಸತ್ಕಾರ ಸಿಕ್ಕಿತು, ಸೇನೆ ಸಿಗಲಿಲ್ಲ. ಮರುವರ್ಷ ಲೂಯಿಯ ಗದ್ದುಗೆಯೇ ಅಲ್ಲಾಡಿತು.

ಬಸ್ ಟೂರ್ ಬಲಿಪಶು

ಮೇಷ್ಟ್ರೇ, ಇಷ್ಟನ್ನು ನಮ್ಮ ಗೈಡ್ ಹೇಳಿದ್ದರೆ ನಾನ್ಯಾಕೆ ಬೈತಿದ್ದೆ! ಅವನು ಹೇಳಿದ್ದು ಒಂದೇ: ನಲವತ್ತು ನಿಮಿಷ, ಬಸ್ಸು ಅಲ್ಲಿ ನಿಂತಿರುತ್ತೆ.

ಜಯನಗರ ನಾಲ್ಕನೇ ಬ್ಲಾಕ್

ಅಪ್ಪನಿಗೆ ಇದನ್ನೆಲ್ಲ ಓದಿ ಹೇಳಿದೆ. ಅವರ ಪ್ರಶ್ನೆ: ರಾಜಧಾನಿ ಪ್ಯಾರಿಸ್ ಆಗಿರುವಾಗ ಇಷ್ಟೊಂದು ಅರಮನೆ ಈ ಒಂದೇ ನದಿ ಪಕ್ಕ ಯಾಕೆ?

ಹಳೇ ಮೇಷ್ಟ್ರು

ಅಪ್ಪಾಜಿಯವರಿಗೆ ನಮಸ್ಕಾರ ತಿಳಿಸಿ, ಒಳ್ಳೇ ಪ್ರಶ್ನೆ. ಇಂಗ್ಲೆಂಡ್ ಜೊತೆಗಿನ ನೂರು ವರ್ಷದ ಯುದ್ಧದ ಕೊನೆಯ ಭಾಗದಲ್ಲಿ ಪ್ಯಾರಿಸ್ ಶತ್ರುಗಳ ಕೈಗೆ ಹೋಗಿತ್ತು. ಫ್ರೆಂಚ್ ದೊರೆ ಏಳನೇ ಶಾರ್ಲ್ ಈ ಕಡೆ ಬಂದು ಕೂತ. 1429ರಲ್ಲಿ ಜೋನ್ ಆಫ್ ಆರ್ಕ್ ಅವನನ್ನು ಬಂದು ಕಂಡದ್ದು ಇಲ್ಲಿನ ಶಿನೋಂ ಕೋಟೆಯಲ್ಲಿ. ಪ್ಯಾರಿಸ್ ವಾಪಸ್ ಸಿಕ್ಕ ಮೇಲೂ ರಾಜರಿಗೆ ಈ ಜಾಗದ ರುಚಿ ಹತ್ತಿಬಿಟ್ಟಿತ್ತು. 1494ರಿಂದ ಇಟಲಿ ಮೇಲೆ ದಂಡೆತ್ತಿ ಹೋದವರು ಅಲ್ಲಿನ ಕಟ್ಟಡ, ತೋಟ ನೋಡಿ ಬೆರಗಾಗಿ ಕುಶಲಕರ್ಮಿಗಳನ್ನೇ ಕರೆತಂದರು.

ಇನ್ನೊಂದು ವಿಷಯ ಗೈಡುಗಳು ಜಾಸ್ತಿ ಹೇಳುವುದಿಲ್ಲ. ನನಗೆ ಬಹಳ ಇಷ್ಟವಾದದ್ದು ಅದೇ. ಇಲ್ಲಿನ ಅತಿ ಚಂದದ ಅರಮನೆಗಳು ರಾಜರು ಕಟ್ಟಿದ್ದಲ್ಲ. ರಾಜನ ಖಜಾನೆ ಲೆಕ್ಕ ನೋಡುತ್ತಿದ್ದ ಅಧಿಕಾರಿಗಳು ಕಟ್ಟಿದ್ದು. ಶೆನೊನ್ಸೋ ಕಟ್ಟಿಸಿದ ತೊಮಾ ಬೊಯಿಯೆ, ಆಝೆ-ಲ-ರಿದೋ ಕಟ್ಟಿಸಿದ ಜಿಲ್ ಬೆರ್ತೆಲೊ, ವಿಲಾಂದ್ರಿಯ ಜಾನ್ ಲ ಬ್ರೆತೋಂ, ಮೂವರದ್ದೂ ಹಣಕಾಸಿನ ಕೆಲಸ. ಯಜಮಾನರು ಯುದ್ಧ, ವಸೂಲಿ ಅಂತ ಊರೂರು ತಿರುಗುವಾಗ ಕೆಲಸದ ಉಸ್ತುವಾರಿ ಹೆಂಡತಿಯರದ್ದು. ಶೆನೊನ್ಸೋದಲ್ಲಿ ಕತ್ರೀನ್ ಬ್ರಿಸೊನೆ, ಆಝೆಯಲ್ಲಿ ಫಿಲಿಪ್ ಲೆಸ್ಬಾಯಿ. ಫಿಲಿಪ್ ಅಂದರೆ ಇಲ್ಲಿ ಹೆಂಗಸೇ.

ಇಷ್ಟು ದುಡ್ಡು ಎಲ್ಲಿಂದ ಬಂತು ಅಂತ ರಾಜ ಒಂದು ದಿನ ಕೇಳದೆ ಇರುತ್ತಾನಾ? 1527ರಲ್ಲಿ ಹಣಕಾಸಿನ ದೊಡ್ಡ ತಲೆ ಸಾಂಬ್ಲಾನ್ಸೆಯನ್ನು ಗಲ್ಲಿಗೇರಿಸಿದರು. ಬೆರ್ತೆಲೊ ಮನೆ ಬಿಟ್ಟು ಓಡಿದ, ಆಝೆ ಜಪ್ತಿಯಾಯಿತು. ಇವತ್ತಿಗೂ ಅದು ಇಂಗ್ಲಿಷಿನ ಎಲ್ ಆಕಾರದಲ್ಲಿ ಅರ್ಧಕ್ಕೇ ನಿಂತಿದೆ. ಆ ಅರ್ಧ ಕಟ್ಟಡವೇ ಆಂದ್ರ್ ನದಿಯ ನೀರಿನಲ್ಲಿ ಎಷ್ಟು ಚಂದ ಕಾಣುತ್ತದೆ ಅಂದರೆ, ಪೂರ್ತಿ ಆಗದೇ ಇದ್ದದ್ದೇ ಒಳ್ಳೇದಾಯಿತು ಅನಿಸುತ್ತದೆ. ಶೆನೊನ್ಸೋ ಕೂಡ ಬೊಯಿಯೆಯ ಮಗನಿಂದ ಬಾಕಿ ಲೆಕ್ಕಕ್ಕೆ 1535ರಲ್ಲಿ ರಾಜನ ಪಾಲಾಯಿತು.

ಅಪ್ಪಾಜಿಗೆ ಇದು ಹಿಡಿಸಿದರೆ ಪ್ಯಾರಿಸ್ ಹತ್ತಿರದ ವೋ-ಲ-ವಿಕೋಂತ್ ಕೂಡ ನೋಡಬಹುದು. ಹಣಕಾಸು ಮಂತ್ರಿ ಫುಕೆ 1661ರ ಆಗಸ್ಟ್ 17ರಂದು ಅಲ್ಲಿ ಹದಿನಾಲ್ಕನೇ ಲೂಯಿಗೆ ಔತಣ ಕೊಟ್ಟ. ಮೂರು ವಾರ ತುಂಬುವುದರೊಳಗೆ ಅರೆಸ್ಟ್. ಅವನ ವಾಸ್ತುಶಿಲ್ಪಿ, ಚಿತ್ರಕಾರ, ತೋಟದವನು ಮೂವರನ್ನೂ ಲೂಯಿ ವರ್ಸೈ ಕೆಲಸಕ್ಕೆ ಹಚ್ಚಿದ.

ಮಲ್ಲಿಗೆ ಬಳ್ಳಿ

ಮೇಷ್ಟ್ರೇ, ಶೆನೊನ್ಸೋದಲ್ಲಿ ಸವತಿ ಜಗಳದ್ದು ಬಿಟ್ಟೇಬಿಟ್ರಲ್ಲ 😀

ಎರಡನೇ ಹೆನ್ರಿ ದೊರೆಯಾದ ವರ್ಷವೇ, 1547ರಲ್ಲಿ, ಶೆನೊನ್ಸೋವನ್ನು ಪ್ರೇಯಸಿ ದಿಯಾನ್ ದ ಪ್ವಾತಿಯೆಗೆ ಕೊಟ್ಟುಬಿಟ್ಟ. ಅವಳು ಅವನಿಗಿಂತ ಸುಮಾರು ಇಪ್ಪತ್ತು ವರ್ಷ ದೊಡ್ಡವಳು. ಮನೆಯಿಂದ ಶೆರ್ ನದಿಯ ಆಚೆ ದಡಕ್ಕೆ ಸೇತುವೆ ಕಟ್ಟಿಸಿದ್ದು ಅವಳೇ. 1559ರಲ್ಲಿ ಈಟಿಯ ಪಂದ್ಯದಲ್ಲಿ ಗಾಯವಾಗಿ ಹೆನ್ರಿ ಸತ್ತ. ರಾಣಿ ಕ್ಯಾಥರೀನ್ ದ ಮೆದಿಚಿ ತಡ ಮಾಡಲಿಲ್ಲ. ಶೆನೊನ್ಸೋ ಬಿಟ್ಟುಕೊಡು, ಬದಲಿಗೆ ಶೋಮೋಂ ಅರಮನೆ ಇಟ್ಟುಕೋ ಅಂದಳು. ಆಮೇಲೆ ದಿಯಾನ್‌ಳ ಸೇತುವೆಯ ಮೇಲೆಯೇ 60 ಮೀಟರ್ ಉದ್ದದ ಹಜಾರ ಎಬ್ಬಿಸಿ ಅಲ್ಲಿ ಕುಣಿತದ ಕೂಟ ನಡೆಸಿದಳು. ಇದಕ್ಕಿಂತ ಒಳ್ಳೇ ಸೇಡು ಇದೆಯಾ?

ಎದುರಿಗೆ ಎರಡು ತೋಟ, ಒಂದು ದಿಯಾನ್‌ದು, ಒಂದು ಕ್ಯಾಥರೀನ್‌ದು. ದಿಯಾನ್‌ದೇ ದೊಡ್ಡದು. ಅದನ್ನು ಮಾತ್ರ ರಾಣಿ ಕಿತ್ತುಹಾಕಿಸಲಿಲ್ಲ.

ಆ ಹಜಾರದಲ್ಲಿ ಕೊನೇ ತನಕ ನಡೆಯಿರಿ. ಕಪ್ಪು ಬಿಳಿ ಚೌಕದ ನೆಲ, ಎರಡೂ ಕಡೆ ಕಿಟಕಿ, ಕೆಳಗೆ ನೀರು ಹರಿಯುವುದು ಕಾಣುತ್ತೆ. ಆ ತುದಿಯ ಬಾಗಿಲನ್ನು ಸರಿಯಾಗಿ ನೋಡಿ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಹಿಡಿದ ಭಾಗಕ್ಕೂ ಹಿಡಿಯದ ಭಾಗಕ್ಕೂ ಶೆರ್ ನದಿಯೇ ಗಡಿ. ಮುಂಬಾಗಿಲು ಆ ಕಡೆ, ಈ ಬಾಗಿಲು ಈ ಕಡೆ. ತಪ್ಪಿಸಿಕೊಂಡು ಹೋದವರು ಈ ಹಜಾರದಲ್ಲೇ ದಾಟಿ ಹೋದರು. ಮೊದಲ ಮಹಾಯುದ್ಧದಲ್ಲಿ ಇದೇ ಜಾಗ ಗಾಯಾಳುಗಳ ಆಸ್ಪತ್ರೆ. ಆಗಿನ ಮಾಲೀಕರು ಮೆನಿಯೆ ಮನೆತನ, ಚಾಕೊಲೇಟ್ ವ್ಯಾಪಾರದವರು.

ಶೋಮೋಂಗೆ ಹೋಗುವುದಾದರೆ ಮಗಳಿಗೆ ಕುದುರೆ ಲಾಯ ತೋರಿಸಿ. 19ನೇ ಶತಮಾನದ ಕೊನೆಯಲ್ಲಿ ಸಕ್ಕರೆ ವ್ಯಾಪಾರಿಯ ಮಗಳೊಬ್ಬಳು ಅದರ ಒಡತಿಯಾಗಿದ್ದಳು, ರಾಜಕುಮಾರಿ ದ ಬ್ರೊಯಿ. ಕಪೂರ್ಥಲಾ ಮಹಾರಾಜರು ಅವಳಿಗೆ ಉಡುಗೊರೆ ಕೊಟ್ಟದ್ದು ಒಂದು ಆನೆ! ಅದನ್ನೂ ಆ ಲಾಯದಲ್ಲೇ ಸಾಕಿದ್ದರು. 1992ರಿಂದ ಅಲ್ಲಿ ಪ್ರತಿ ವರ್ಷ ತೋಟಗಳ ಹಬ್ಬ ನಡೆಯುತ್ತದೆ, ಮೇ ಕೊನೆಗೆ ಜೋರಾಗಿರುತ್ತೆ.

ಜಯನಗರ ನಾಲ್ಕನೇ ಬ್ಲಾಕ್

ಆನೆ ಕೇಳಿ ಮಗಳು ಫೋನ್ ಕೆಳಗಿಟ್ಟಳು. ಈಗ ಊಟದ ಚಿಂತೆ. ಅಮ್ಮ ಮೊಟ್ಟೆಯನ್ನೂ ತಿನ್ನಲ್ಲ.

ತೂರ್‌ನಲ್ಲಿ ತುಮಕೂರು

ಮೊಟ್ಟೆ ಬೇಡ ಅಂದರೆ ಹೋಟೆಲ್ ಊಟ ಕಷ್ಟವೇ, ಸುಳ್ಳು ಹೇಳಲ್ಲ. ಇಲ್ಲಿ ಸಲಾಡ್ ಅಂದರೂ ಮೇಲೆ ಲಾರ್ದೋಂ ಉದುರಿಸುತ್ತಾರೆ, ಅದು ಹಂದಿ ಮಾಂಸದ ಚೂರು. ತೂರ್‌ನ ಹೆಸರುವಾಸಿ ರಿಯೆತ್ ಕೂಡ ಹಂದಿಯದೇ. "ಸಾನ್ ವಿಯಾಂದ್, ಸಾನ್ ಪ್ವಾಸೋಂ, ಸಾನ್ ಝ" ಅಂತ ಹೇಳಿ: ಮಾಂಸ ಬೇಡ, ಮೀನು ಬೇಡ, ಮೊಟ್ಟೆ ಬೇಡ. ಬರೆದು ತೋರಿಸಿದರೆ ಇನ್ನೂ ಒಳ್ಳೇದು. ಹಳ್ಳಿ ಹೋಟೆಲ್‌ಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ಎರಡರ ತನಕ ಊಟ, ಆಮೇಲೆ ಅಡುಗೆಮನೆ ಬಂದ್. ಎರಡೂವರೆಗೆ ಹೋಗಿ ಬೇಡಿಕೊಂಡರೂ ಕಾಫಿ ಬಿಟ್ಟು ಏನೂ ಸಿಗಲ್ಲ.

ನಾನಾದರೆ ಅಡುಗೆಮನೆ ಇರುವ ಮನೆಯನ್ನೇ ಬಾಡಿಗೆಗೆ ತೆಗೆದುಕೊಳ್ಳುತ್ತೇನೆ. ತೂರ್‌ನ ಲೆ ಆಲ್ ಮಾರುಕಟ್ಟೆಯಲ್ಲಿ ತರಕಾರಿ, ಹಣ್ಣು, ಬ್ರೆಡ್ಡು ಸಿಗುತ್ತೆ. ಆಂಬ್ವಾಸ್‌ನಲ್ಲಿ ಭಾನುವಾರ ನದಿ ದಡದಲ್ಲಿ ದೊಡ್ಡ ಸಂತೆ. ಅಲ್ಲಿ ಸೇಂತ್-ಮೋರ್ ಅನ್ನೋ ಮೇಕೆ ಹಾಲಿನ ಚೀಸ್ ನೋಡಿ. ಗೇಣುದ್ದದ ಉರುಳೆ, ಮೇಲೆ ಬೂದಿ ಬಣ್ಣದ ಸಿಪ್ಪೆ, ನಡುವೆ ತುದಿಯಿಂದ ತುದಿಗೆ ಒಂದು ಹುಲ್ಲುಕಡ್ಡಿ. ಅದು ರೈ ಧಾನ್ಯದ ಕಡ್ಡಿ. ಮೆತ್ತಗಿನ ಚೀಸ್ ಮುರಿಯದಿರಲಿ ಅಂತ. ಕಡ್ಡಿಯ ಮೇಲೆ ಸಣ್ಣ ಅಕ್ಷರದಲ್ಲಿ ತಯಾರಕರ ಗುರುತು ಕೊರೆದಿರುತ್ತದೆ. ಮಗಳಿಗೆ ಎಳೆದು ಓದೋಕೆ ಹೇಳಿ. ಒಂದು ಎಚ್ಚರಿಕೆ: ಇಲ್ಲಿನ ಸಾಂಪ್ರದಾಯಿಕ ಚೀಸ್‌ಗೆ ಹೆಪ್ಪು ಹಾಕುವುದು ಸಾಮಾನ್ಯವಾಗಿ ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ಅಮ್ಮನಿಗೆ ಮೊದಲೇ ಹೇಳಿಬಿಡಿ, ತಿಂದ ಮೇಲೆ ಹೇಳಬೇಡಿ.

ಸ್ಟೇರಿಂಗ್ ಎಡಗಡೆ

ಐದು ಜನ ಅಂದರೆ ಕಾರು ಲಾಭ. ಭಾರತದ ಲೈಸೆನ್ಸ್ ಜೊತೆ ಇಂಟರ್‌ನ್ಯಾಷನಲ್ ಪರ್ಮಿಟ್ ಇಟ್ಟುಕೊಳ್ಳಿ. ಆಟೋಮ್ಯಾಟಿಕ್ ಬೇಕಾದರೆ ಮೊದಲೇ ಬುಕ್ ಮಾಡಿ. ಸೇಂ-ಪಿಯೆರ್ ಸ್ಟೇಷನ್ನಿನಲ್ಲೇ ಕಾರು ಸಿಗುತ್ತೆ, ಪ್ಯಾರಿಸ್ ಟ್ರಾಫಿಕ್ಕಿನಲ್ಲಿ ಶುರು ಮಾಡಬೇಡಿ. ಕಾರು ತಗೊಳ್ಳುವಾಗ ನಾಲ್ಕೂ ಕಡೆ ವಿಡಿಯೋ ಮಾಡಿ. ಹಳೇ ಗೀರಿಗೆ ನನ್ನ ಕೈಯಲ್ಲಿ ದುಡ್ಡು ಕಟ್ಟಿಸಿಕೊಂಡಿದ್ದಾರೆ, ಯಾರು ಅಂತ ಹೇಳಲ್ಲ.

ಬಲಕ್ಕೆ ಓಡಿಸುವುದು ಒಂದು ಗಂಟೆಯಲ್ಲಿ ರೂಢಿಯಾಗುತ್ತೆ. ನಮ್ಮವರು ಎಡವುವುದು ಬೇರೆ ಕಡೆ. ಊರೊಳಗೆ ಯಾವ ಬೋರ್ಡೂ, ಗೆರೆಯೂ ಇಲ್ಲದ ಕೂಡು ರಸ್ತೆಯಲ್ಲಿ ಬಲಗಡೆಯಿಂದ ಬರುವವನಿಗೆ ಮೊದಲ ಹಕ್ಕು. ಅದು ಸಣ್ಣ ಗಲ್ಲಿಯಾದರೂ ಸರಿ, ನೀವು ದೊಡ್ಡ ರಸ್ತೆಯಲ್ಲಿದ್ದರೂ ಸರಿ. ಅವನು ನಿಮ್ಮ ಕಡೆ ತಿರುಗಿಯೂ ನೋಡದೆ ನುಗ್ಗುತ್ತಾನೆ, ತಪ್ಪು ನಿಮ್ಮದೇ ಆಗುತ್ತೆ. ಇನ್ನೊಂದು, ಊರಿನ ಹೆಸರಿನ ಬೋರ್ಡು ಕಂಡರೆ ಅದೇ 50ರ ಮಿತಿ, ಬೇರೆ ಬೋರ್ಡು ಇರಲ್ಲ. ಅದೇ ಹೆಸರಿನ ಮೇಲೆ ಅಡ್ಡ ಗೆರೆ ಇದ್ದರೆ ಊರು ಮುಗಿಯಿತು ಅಂತ.

ಕಲ್ಲುಕುಟಿಗ

ಅಪ್ಪಾಜಿ ಚಿತ್ರದುರ್ಗ ನೋಡಿದವರು. ಅವರಿಗೆ ಬರೀ ಮಂಚ, ಕನ್ನಡಿ, ತೋಟ ತೋರಿಸಿದರೆ ಬೇಜಾರಾಗುತ್ತದೆ. ಲ್ವಾರ್‌ನ ಹೆಸರುವಾಸಿ ಕಟ್ಟಡಗಳೆಲ್ಲ ಯುದ್ಧ ಮುಗಿದ ಮೇಲಿನ ಮೋಜಿನ ಮನೆಗಳು. ಕಂದಕ, ಬುರುಜು ಇದ್ದರೂ ಅಲಂಕಾರಕ್ಕೆ. ನಿಜವಾದ ಕೋಟೆ ಬೇಕು ಅಂದರೆ ಲೋಶ್. ತೂರ್‌ನಿಂದ ಒಂದು ಗಂಟೆ ದಾರಿ. 11ನೇ ಶತಮಾನದ ಮೊದಲ ಭಾಗದ ಚೌಕ ಗೋಪುರ, 36 ಮೀಟರ್ ಎತ್ತರ. ಒಳಗಿನ ಮಹಡಿಗಳ ಮರ ಹೋಗಿದೆ, ಗೋಡೆಯಲ್ಲಿ ಒಲೆಗಳು ಮಾತ್ರ ಅಂತರದಲ್ಲಿ ನೇತಾಡಿಕೊಂಡಿವೆ. ಆಂಜೆ ಕೂಡ ಭರ್ಜರಿ, 13ನೇ ಶತಮಾನದ 17 ಬುರುಜು. ಆದರೆ ಮೂರು ದಿನದಲ್ಲಿ ಅದು ದೂರವಾಗುತ್ತೆ.

ಅಲ್ಲಿನ ಅರಮನೆಗಳ ಬಿಳಿ ಕಲ್ಲಿಗೆ ತುಫೋ ಅಂತಾರೆ. ಗ್ರಾನೈಟಿಗೆ ಪಳಗಿದ ನಮ್ಮ ಕೈಗೆ ಇದು ಬೆಣ್ಣೆ. ಗರಗಸದಲ್ಲಿ ಕೊಯ್ಯಬಹುದು. ಅದಕ್ಕೇ ಅಷ್ಟೊಂದು ಕೆತ್ತನೆ. ಮೆತ್ತಗಿರುವುದಕ್ಕೇ ಮಳೆಗೆ ಸವೆಯುತ್ತೆ, ಯಾವ ಅರಮನೆಗೆ ಹೋದರೂ ಒಂದು ಮೂಲೆಯಲ್ಲಿ ರಿಪೇರಿ ನಡೀತಿರುತ್ತೆ. ಕಲ್ಲು ತೆಗೆದ ಗುಹೆಗಳನ್ನೂ ಬಿಟ್ಟಿಲ್ಲ. ಅಣಬೆ ಬೆಳೆಯುತ್ತಾರೆ, ವೈನ್ ಇಡುತ್ತಾರೆ, ಮನೆ ಮಾಡಿಕೊಂಡವರೂ ಇದ್ದಾರೆ.

ಇನ್ನೊಂದು ಸಲ ಹೋದರೆ ಬರ್ಗಂಡಿ ಕಡೆಯ ಗೆದೆಲೋಂ ತಪ್ಪಿಸಬೇಡಿ. 1997ರಿಂದ ಅಲ್ಲಿ 13ನೇ ಶತಮಾನದ ವಿಧಾನದಲ್ಲೇ ಹೊಸದಾಗಿ ಕೋಟೆ ಕಟ್ಟುತ್ತಿದ್ದಾರೆ. ಕ್ರೇನ್ ಇಲ್ಲ. ದೊಡ್ಡ ಮರದ ಚಕ್ರದೊಳಗೆ ಮನುಷ್ಯ ನಡೆಯುತ್ತಾನೆ, ಹಗ್ಗ ಸುತ್ತಿಕೊಳ್ಳುತ್ತೆ, ಕಲ್ಲು ಮೇಲೆ ಹೋಗುತ್ತೆ. ಅಳತೆಗೆ ಹದಿಮೂರು ಗಂಟಿನ ಹಗ್ಗ. ನಾನು ಅಲ್ಲಿಂದ ಏಳೋಕೆ ಒಪ್ಪದೆ ಹೆಂಡತಿ ಹತ್ತಿರ ಬೈಸಿಕೊಂಡೆ.

ಹೊಸ ಸದಸ್ಯ

ಮಧ್ಯೆ ಬಾಯಿ ಹಾಕ್ತೀನಿ. ಹೆಸರಿಲ್ಲದ ಸಣ್ಣ ಅರಮನೆಗಳಿಗೆ ಹೋಗಬಹುದಾ? ಮ್ಯಾಪಿನಲ್ಲಿ ನೂರಾರು ಕಾಣುತ್ತೆ, ಅರ್ಧಕ್ಕರ್ಧ ಮುಚ್ಚಿದೆ ಅಂತ ಬರುತ್ತೆ.

ತೂರ್‌ನಲ್ಲಿ ತುಮಕೂರು

ಅವೆಲ್ಲ ಜನ ವಾಸ ಇರುವ ಮನೆಗಳು. ಛಾವಣಿ ರಿಪೇರಿಗೆ ಲಕ್ಷಾಂತರ ಯೂರೋ. ಸ್ಮಾರಕ ಅಂತ ನೋಂದಣಿ ಆದರೆ ರಿಪೇರಿ ಖರ್ಚಿಗೆ ತೆರಿಗೆ ವಿನಾಯಿತಿ ಇದೆ. ಪೂರ್ತಿ ವಿನಾಯಿತಿ ಬೇಕಾದರೆ ವರ್ಷಕ್ಕೆ ಕನಿಷ್ಠ 50 ದಿನ, ಇಲ್ಲವೇ ಜುಲೈನಿಂದ ಸೆಪ್ಟೆಂಬರ್ ಒಳಗೆ 40 ದಿನ ಜನರಿಗೆ ತೆರೆದಿಡಬೇಕು. ಅದಕ್ಕೇ ಬಹಳಷ್ಟು ಮನೆಗಳು ಬೇಸಿಗೆಯಲ್ಲಿ ಮಾತ್ರ ಬಾಗಿಲು ತೆರೆಯುತ್ತವೆ. ಸೆಪ್ಟೆಂಬರ್ ಮೂರನೇ ವಾರಾಂತ್ಯ ಪಾರಂಪರಿಕ ತಾಣಗಳ ದಿನ. ಆಗ ಬಂದರೆ ಎಷ್ಟೋ ಮನೆಗಳಲ್ಲಿ ಮಾಲೀಕರೇ ಬಾಗಿಲಲ್ಲಿ ನಿಂತು ಒಳಗೆ ಕರೆಯುತ್ತಾರೆ.

ಮಾಲೀಕರು ಸಿಗದ ಪಾಳು ಕಟ್ಟಡಗಳ ಕಥೆ ಬೇರೆ. ಲಾ ಮೋತ್-ಶಾಂದೆನಿಯೆ ಅಂತ ಒಂದಿದೆ. 1932ರಲ್ಲಿ ಬೆಂಕಿಗೆ ಸುಟ್ಟು, ಗೋಡೆಯ ಮೇಲೆಲ್ಲ ಮರ ಬೆಳೆದಿತ್ತು. 2017ರಲ್ಲಿ ಸಾವಿರಾರು ಜನ ತಲಾ 50 ಯೂರೋಯಿಂದ ಶುರು ಮಾಡಿ ಚಂದಾ ಹಾಕಿ ಅದನ್ನು ಕೊಂಡುಕೊಂಡರು.

ಬಸ್ ಟೂರ್ ಬಲಿಪಶು

ಟಿಕೆಟ್ ವಿಷಯ ಯಾರೂ ಹೇಳಲಿಲ್ಲ. 2026ರಿಂದ ಶಾಂಬೋರ್‌ನಲ್ಲಿ ಯುರೋಪಿನ ಹೊರಗಿನಿಂದ ಬಂದವರಿಗೆ ದರ ಬೇರೆ, ಜಾಸ್ತಿ. ಹಂಪಿಯಲ್ಲಿ ವಿದೇಶಿಯರಿಗೆ ನಾವು ಮಾಡೋದನ್ನೇ ಅವರು ನಮಗೆ ಮಾಡ್ತಿದ್ದಾರೆ, ಬೈಯೋ ಹಾಗಿಲ್ಲ. ಆಝೆಯಂಥ ಸರ್ಕಾರಿ ಅರಮನೆಗೆ ಹದಿನೆಂಟರ ಒಳಗಿನವರಿಗೆ ಫ್ರೀ, ಮಗಳದ್ದು ಉಳಿಯುತ್ತೆ. ಶೆನೊನ್ಸೋ, ವಿಲಾಂದ್ರಿ ಖಾಸಗಿ. ವಿಲಾಂದ್ರಿಯಲ್ಲಿ ತೋಟಕ್ಕೆ ಮಾತ್ರ ಅಂತ ಅಗ್ಗದ ಟಿಕೆಟ್ ಇದೆ, ಅದೇ ಸಾಕು.

ಮಲ್ಲಿಗೆ ಬಳ್ಳಿ

ವಿಲಾಂದ್ರಿ ಅಮ್ಮನಿಗೆ ಕಡ್ಡಾಯ! ಒಳಗಿನ ಕೋಣೆಗಳನ್ನು ಬಿಡಿ. ಅಲ್ಲಿ ತರಕಾರಿಯಲ್ಲೇ ರಂಗೋಲಿ. ಒಂಬತ್ತು ಚೌಕ, ಒಂದೊಂದರಲ್ಲೂ ಬೇರೆ ಬೇರೆ ವಿನ್ಯಾಸ. ಕೆಂಪು ಎಲೆಕೋಸು, ನೀಲಿ ಹಸಿರು ಲೀಕ್, ಬೀಟ್‌ರೂಟ್ ಎಲೆ, ಕ್ಯಾರೆಟ್ ಸೊಪ್ಪು, ಎಲ್ಲ ಬಣ್ಣಕ್ಕೆ ಬೇಕು ಅಂತ ನೆಟ್ಟದ್ದು. ವರ್ಷಕ್ಕೆ ಎರಡು ಸಲ ಪೂರ್ತಿ ಬದಲಾಯಿಸುತ್ತಾರೆ. ಮೇ ಕೊನೆಗೆ ವಸಂತದ ನೆಡುವಿಕೆ ಕೊಯ್ಲಿಗೆ ಬಂದಿರುತ್ತೆ. 1906ರಲ್ಲಿ ಇದನ್ನು ಕೊಂಡ ಡಾಕ್ಟರ್ ಕಾರ್ವಾಲೊ ಸ್ಪೇನಿನವರು, ಹೆಂಡತಿ ಅಮೆರಿಕದವರು. ಅಲ್ಲಿದ್ದ ಇಂಗ್ಲಿಷ್ ಪಾರ್ಕನ್ನು ತೆಗೆಸಿ ಹಳೇ ಕಾಲದ ಮಾದರಿಯಲ್ಲಿ ತೋಟ ಹಾಕಿಸಿದರು. ನಮ್ಮಮ್ಮ ಅಲ್ಲಿ ಬೇಲಿ ಪಕ್ಕ ಕೂತು, ಈ ಕೋಸಿಗೆ ಹುಳ ಯಾಕಿಲ್ಲ ಅಂತ ಮಾಲಿಯನ್ನು ಕನ್ನಡದಲ್ಲೇ ವಿಚಾರಿಸಿದರು. ಅವನು ಫ್ರೆಂಚಿನಲ್ಲಿ ಉತ್ತರ ಕೊಟ್ಟ. ಇಬ್ಬರಿಗೂ ಸಮಾಧಾನವಾಯಿತು.

ಜಯನಗರ ನಾಲ್ಕನೇ ಬ್ಲಾಕ್

ಹೀಗೆ ಅಂದುಕೊಂಡಿದ್ದೇವೆ. ತೂರ್‌ನಲ್ಲಿ ಮನೆ. ಮೊದಲ ದಿನ ಶೆನೊನ್ಸೋ, ಸಾಯಂಕಾಲ ಆಂಬ್ವಾಸ್. ಎರಡನೇ ದಿನ ವಿಲಾಂದ್ರಿ, ಆಝೆ. ಮೂರನೇ ದಿನ ಬೆಳಿಗ್ಗೆ ಶಾಂಬೋರ್, ಮಧ್ಯಾಹ್ನ ಶೋಮೋಂ. ಲೋಶ್ ಎಲ್ಲಿ ಸೇರಿಸೋದು? ಅಪ್ಪ ಬಿಡ್ತಿಲ್ಲ.

ತೂರ್‌ನಲ್ಲಿ ತುಮಕೂರು

ಆಂಬ್ವಾಸ್ ತೆಗೆದು ಅಲ್ಲಿ ಲೋಶ್ ಹಾಕಿ, ಶೆನೊನ್ಸೋದಿಂದ ಕಾರಿನಲ್ಲಿ ಮುಕ್ಕಾಲು ಗಂಟೆ. ಆಂಬ್ವಾಸ್ ಕೋಟೆಗೆ ಏರು ದಾರಿ, ಅಮ್ಮನಿಗೆ ಕಷ್ಟ. ಲಿಯೊನಾರ್ಡೋ ಸಮಾಧಿ ನೋಡಲೇಬೇಕು ಅಂತ ಯಾರಿಗಾದರೂ ಇದ್ದರೆ ಮಾತ್ರ ಹೋಗಿ. ಲೋಶ್‌ನಲ್ಲಿ ಅಪ್ಪ ಗೋಪುರ ಹತ್ತಲಿ, ಅಮ್ಮ ಕೆಳಗೆ ಊರೊಳಗೆ ಕಾಫಿ ಕುಡಿಯಲಿ. ಸಂಜೆ ಕೋಟೆಯ ಟಿಕೆಟ್ ಕೌಂಟರ್ ಮುಚ್ಚುವ ಟೈಮ್ ನೋಡಿಕೊಂಡು ಶೆನೊನ್ಸೋದಿಂದ ಹೊರಡಿ.

ಜಯನಗರ ನಾಲ್ಕನೇ ಬ್ಲಾಕ್

ಅಪ್ಪ ಆಗಲೇ ಬೂಟು ತಗೊಳ್ಳೋಕೆ ಹೊರಟರು. ಬುಕ್ ಮಾಡ್ತೀನಿ ಅಕ್ಕ, ಥ್ಯಾಂಕ್ಸ್. ಮನೆ ಹಳೇ ಊರಿನ ಕಡೆ ನೋಡ್ಲಾ, ಸ್ಟೇಷನ್ ಹತ್ತಿರ ನೋಡ್ಲಾ?

ತೂರ್‌ನಲ್ಲಿ ತುಮಕೂರು

ಸ್ಟೇಷನ್ ಹತ್ತಿರ. ಹಳೇ ಊರಿನಲ್ಲಿ ರಾತ್ರಿ ಒಂದರ ತನಕ ಗಲಾಟೆ, ಲಿಫ್ಟೂ ಇರಲ್ಲ.